ಬೋಧನಾ ಫೆಲೋಶಿಪ್‌ಗೆ ಸೇರುವವರಿಗೆ: ಇಂಡಿ ತಾಲ್ಲೂಕಿನ ತಾಂಡಾ ಶಾಲೆಯಲ್ಲಿ ನಾನು ಕಲಿತದ್ದು

42ರಲ್ಲಿ 17 ಕಳೆದರೆ ಎಷ್ಟು ಎಂದು ಕೇಳಿದಾಗ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಸ್ಲೇಟಿನ ಮೇಲೆ 35 ಎಂದು ಬರೆದಳು. ನಾನು ಗೀಟು ಹಾಕಿ ಸರಿಯಾದ ಉತ್ತರ ಬರೆದುಕೊಟ್ಟೆ. ಮರುದಿನ ಇನ್ನೂ ಐದು ಮಕ್ಕಳ ಸ್ಲೇಟಿನಲ್ಲಿ ಅದೇ 35. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಮಕ್ಕಳು ತಮ್ಮದೇ ಒಂದು ನಿಯಮ ಮಾಡಿಕೊಂಡು ಅದನ್ನು ತಪ್ಪದೆ ಪಾಲಿಸುತ್ತಿದ್ದರು. ಅದನ್ನು ಕಾಣಲು ನನಗೆ ನಾಲ್ಕು ದಿನ ಬೇಕಾಯಿತು.

ಐದನೆಯ ದಿನ ತಾಂಡಾದ ಒಂದು ಮನೆಯ ಕಟ್ಟಿಗೆ ರಾಶಿಯಿಂದ ತೊಗರಿ ಕಡ್ಡಿ ತಂದು ಹತ್ತತ್ತರ ಸೂಡು ಕಟ್ಟಿಸಿದೆ. ಮೊದಲು 35 ಬರೆದಿದ್ದ ಹುಡುಗಿಯ ಮುಂದೆ ನಾಲ್ಕು ಸೂಡು, ಎರಡು ಬಿಡಿ ಕಡ್ಡಿ ಇಟ್ಟೆ. 'ಮೊದಲು ಏಳು ಕಡ್ಡಿ ಕೊಡು' ಎಂದೆ. ಎರಡು ಕೊಟ್ಟಳು. ನಿಂತಳು. ಒಮ್ಮೆ ನನ್ನ ಮುಖ, ಒಮ್ಮೆ ಸೂಡು ನೋಡಿದಳು. ಆಮೇಲೆ ಮೆಲ್ಲಗೆ, 'ಬಿಚ್ಚಲೇ, ಅಕ್ಕೋರೆ?' ಎಂದು ಕೇಳಿದಳು.

ಅದು 2016. ಬಾಗಲಕೋಟೆಯಲ್ಲಿ ಬಿ.ಎಸ್‌ಸಿ. ಮುಗಿಸಿ, ಪದವೀಧರರನ್ನು ಭತ್ಯೆ ಕೊಟ್ಟು ಶಾಲೆಗೆ ಕಳಿಸುವ ಎರಡು ವರ್ಷದ ಬೋಧನಾ ಫೆಲೋಶಿಪ್‌ಗೆ ಸೇರಿ ಇಂಡಿ ತಾಲ್ಲೂಕಿನ ಲಂಬಾಣಿ ತಾಂಡಾದ ಸರ್ಕಾರಿ ಶಾಲೆಗೆ ಬಂದಿದ್ದೆ. ಈಗ ನಾನು ಸರ್ಕಾರಿ ಶಾಲೆಯಲ್ಲಿ ಗಣಿತ, ವಿಜ್ಞಾನದ ಪದವೀಧರ ಪ್ರಾಥಮಿಕ ಶಿಕ್ಷಕಿ. ಫೆಲೋಶಿಪ್ ಸೇರಬೇಕೇ, ಸೇರಿದರೆ ಮುಂದೇನು ಎಂದು ನನ್ನನ್ನು ಕೇಳುವ ತಮ್ಮ-ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ: ಫೆಲೋಶಿಪ್ ಶಿಕ್ಷಕ ಅರ್ಹತೆಯಲ್ಲ. ನಿಮ್ಮ ಕೈಗೆ ಬರುವುದು ಅನುಭವ ಪತ್ರ, ಬಿ.ಇಡಿ. ಅಲ್ಲ. 2022ರಲ್ಲಿ ರಾಜ್ಯದಲ್ಲಿ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆದಾಗ ನಾನೂ ಬರೆದೆ. ಅಲ್ಲಿ ನನ್ನ ಎರಡು ವರ್ಷಕ್ಕೆ ಒಂದು ಅಂಕವೂ ಇರಲಿಲ್ಲ. ನನ್ನ ಜೊತೆ ಫೆಲೋ ಆಗಿದ್ದ ಗೆಳತಿಯೊಬ್ಬಳು ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದಳು. ಬಿ.ಇಡಿ. ಮಾಡದೆ ಉಳಿದದ್ದರಿಂದ ಅರ್ಜಿಯನ್ನೇ ಹಾಕಲಾಗಲಿಲ್ಲ. ಅದು ನೆನಪಾದಾಗಲೆಲ್ಲ ಸಂಕಟವಾಗುತ್ತದೆ.

ಆದ್ದರಿಂದ ವರ್ಷಗಳ ಲೆಕ್ಕವನ್ನು ಸೇರುವ ಮೊದಲೇ ಹಾಕಿಕೊಳ್ಳಿ. 2015ರಿಂದ ಬಿ.ಇಡಿ. ಎರಡು ವರ್ಷದ್ದಾಗಿದೆ. ಹಾಜರಾತಿ ಕಡ್ಡಾಯವಾದ್ದರಿಂದ ಫೆಲೋಶಿಪ್ ಜೊತೆಗೆ ಅದನ್ನು ಮಾಡಲಾಗುವುದಿಲ್ಲ. ಒಟ್ಟು ನಾಲ್ಕು ವರ್ಷ ಬೇಕು. ಬಿ.ಇಡಿ. ಸೇರಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 50 ಅಂಕ ಇರಬೇಕು. ಆರರಿಂದ ಎಂಟನೇ ತರಗತಿಗೆ ಕಲಿಸುವ ಆಸೆಯಿದ್ದರೆ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಯ ಎರಡನೇ ಪತ್ರಿಕೆ ಬರೆಯಬೇಕು. 150 ಅಂಕಕ್ಕೆ ಸಾಮಾನ್ಯ ವರ್ಗದವರು 90 ಪಡೆಯಬೇಕು. 2021ರಿಂದ ಈ ಅರ್ಹತೆ ಜೀವನಪೂರ್ತಿ ಊರ್ಜಿತ, ಹಾಗಾಗಿ ಬೇಗ ಮುಗಿಸಿಕೊಂಡಷ್ಟೂ ನಿರಾಳ. ಇನ್ನು ನಿಮ್ಮ ಮನಸ್ಸು ಒಂದರಿಂದ ಐದನೇ ತರಗತಿಯ ಚಿಕ್ಕ ಮಕ್ಕಳ ಕಡೆಗಿದ್ದರೆ, ಬಿ.ಇಡಿ. ಆ ತರಗತಿಗಳಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಅದಕ್ಕೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಆದ ಡಿ.ಎಲ್.ಇಡಿ. ಬೇಕು. ಫೆಲೋಶಿಪ್‌ನ ಮೊದಲ ವರ್ಷ ಮುಗಿಯುವಷ್ಟರಲ್ಲಿ ಯಾವ ವಯಸ್ಸಿನ ಮಕ್ಕಳ ಜೊತೆ ನಿಮಗೆ ಒಗ್ಗುತ್ತದೆ ಎಂಬುದು ಗೊತ್ತಾಗುತ್ತದೆ. ಯಾವ ಕೋರ್ಸ್ ಎಂಬ ನಿರ್ಧಾರವನ್ನು ಆಗ ಮಾಡಿ.

ಎಲ್ಲ ಫೆಲೋಶಿಪ್‌ಗಳೂ ಒಂದೇ ಅಲ್ಲ. ಟೀಚ್ ಫಾರ್ ಇಂಡಿಯಾದ ಮೊದಲ ತಂಡ 2009ರಲ್ಲಿ ಮುಂಬೈ, ಪುಣೆಯಲ್ಲಿ ತರಗತಿಗೆ ಹೋಯಿತು. ಅಲ್ಲಿ ಎರಡು ವರ್ಷ ನೀವೇ ಪೂರ್ಣಾವಧಿ ಶಿಕ್ಷಕರು, ಹೆಚ್ಚಾಗಿ ದೊಡ್ಡ ನಗರಗಳ ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿ. 2008ರಲ್ಲಿ ಆರಂಭವಾದ ಗಾಂಧಿ ಫೆಲೋಶಿಪ್‌ ಕೂಡ ಎರಡು ವರ್ಷದ್ದೇ, ಆದರೆ ಅಲ್ಲಿ ಮುಖ್ಯ ಶಿಕ್ಷಕರು, ಅಧಿಕಾರಿಗಳ ಜೊತೆಗಿನ ಕೆಲಸವೇ ಹೆಚ್ಚು. ಅಜೀಂ ಪ್ರೇಮ್‌ಜಿ ಫೌಂಡೇಶನ್ ನಮ್ಮ ಪಕ್ಕದ ಯಾದಗಿರಿ, ಕಲಬುರಗಿ ಕಡೆ ಸರ್ಕಾರಿ ಶಿಕ್ಷಕರ ಜೊತೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಶಿಕ್ಷಕರಾಗುವುದೇ ಗುರಿಯಾದರೆ ದಿನವೂ ತರಗತಿಯಲ್ಲಿ ನಿಲ್ಲಿಸುವ ಫೆಲೋಶಿಪ್ ಆರಿಸಿ. ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ: ನನ್ನ ಪಾಠವನ್ನು ಯಾರು ಬಂದು ನೋಡುತ್ತಾರೆ, ತಿಂಗಳಿಗೆ ಎಷ್ಟು ಸಲ? ಭತ್ಯೆಯಲ್ಲಿ ಮನೆ ಬಾಡಿಗೆ, ಬಸ್ ಖರ್ಚು ಸೇರಿದೆಯೇ, ಬೇರೆಯೇ? ಪಾಠ ನೋಡಿ ತಿದ್ದುವವರೇ ಇಲ್ಲದ ಕಡೆ ಎರಡು ವರ್ಷ ಕೊಡಬೇಡಿ.

ಶಾಲೆಗೆ ಹೋದ ಮೇಲೆ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು. ಮೊದಲ ವಾರವೇ ನಾನು ಒಂದು ಕೋಣೆಯ ಹಳೆಯ ಚಾರ್ಟುಗಳನ್ನೆಲ್ಲ ತೆಗೆದು ನನ್ನವನ್ನು ಅಂಟಿಸಿದೆ. ಆ ಚಾರ್ಟುಗಳನ್ನು ಅಲ್ಲಿನ ಹಿರಿಯ ಶಿಕ್ಷಕರು ತಮ್ಮ ಕೈಯಾರೆ ಬರೆದಿದ್ದರು. ಅವರು ಒಂದು ಮಾತೂ ಆಡಲಿಲ್ಲ. ಎರಡು ವಾರ ನನ್ನ ಜೊತೆ ಊಟಕ್ಕೂ ಕೂರಲಿಲ್ಲ. ಕೊನೆಗೆ ನಾನೇ ಹೋಗಿ, 'ಸರ್, ತಪ್ಪಾಯಿತು. ನಿಮ್ಮ ನಲಿಕಲಿ ತರಗತಿಯಲ್ಲಿ ಒಂದು ವಾರ ಹಿಂದೆ ಕೂರಲೇ?' ಎಂದು ಕೇಳಿದೆ. ನಲಿಕಲಿ ಎಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಚಟುವಟಿಕೆಗಳ ಮೂಲಕ ಕಲಿಯುವ ಕ್ರಮ. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ತಟ್ಟೆಗಳ ಸುತ್ತ ಕೂತಿದ್ದರು. ಆ ಶಿಕ್ಷಕರು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಹೊರಗೆ ಅಳುತ್ತಿದ್ದ ಮಗುವನ್ನೂ ಸಮಾಧಾನ ಮಾಡುವುದನ್ನು ನೋಡಿದೆ. ಯಾವ ತರಬೇತಿ ಶಿಬಿರವೂ ನನಗೆ ಅಷ್ಟು ಕಲಿಸಿರಲಿಲ್ಲ. ಶಾಲೆಯಲ್ಲಿ ಮೊದಲ ತಿಂಗಳು ಕೇಳಿ, ನೋಡಿ, ಬದಲಾಯಿಸುವ ಕೆಲಸ ಆಮೇಲೆ.

ಅದರ ಜೊತೆಗೇ ಪ್ರತಿ ಮಗುವಿಗೆ ಓದು ಎಲ್ಲಿಯವರೆಗೆ ಬರುತ್ತದೆ ಎಂದು ಒಂಟಿಯಾಗಿ ಕೂರಿಸಿಕೊಂಡು ನೋಡಿ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ, ಮಕ್ಕಳ ಓದು, ಲೆಕ್ಕದ ಮಟ್ಟ ನೋಡುವ ಅಸರ್ ಸಮೀಕ್ಷೆಯ ಕ್ರಮ ಸರಳವಾಗಿದೆ: ಅಕ್ಷರ, ಪದ, ಚಿಕ್ಕ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಒಂದು ಮಗುವಿಗೆ ಐದಾರು ನಿಮಿಷ ಸಾಕು. ನನ್ನ ನಾಲ್ಕನೇ ತರಗತಿಯಲ್ಲಿ ಕಥೆ ಓದುವವರೂ ಇದ್ದರು, ಅಕ್ಷರದಲ್ಲೇ ನಿಂತವರೂ ಇದ್ದರು. ಎಲ್ಲರ ಮುಂದೆ ಒಂದೇ ಪುಟ ತೆರೆದು ಪಾಠ ಮಾಡಿದ್ದು ಯಾರಿಗಾಗಿ ಎಂದು ಅಂದು ರಾತ್ರಿ ನಿದ್ದೆ ಬರಲಿಲ್ಲ.

ಮನೆಭಾಷೆಯನ್ನೂ ಕಲಿಯಿರಿ, ಹತ್ತಿಪ್ಪತ್ತು ಪದವಾದರೂ ಸಾಕು. ಯಾಡಿ ಎಂದರೆ ತಾಯಿ, ಬಾಟಿ ಎಂದರೆ ರೊಟ್ಟಿ ಎಂದು ನನಗೆ ಹೇಳಿಕೊಟ್ಟವರು ಒಂದನೇ ತರಗತಿಯ ಮಕ್ಕಳು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಮಗುವೊಂದು ನನ್ನ ಉಚ್ಚಾರಣೆ ತಿದ್ದಲು ಎದ್ದು ಬಂತು. ಬೆಳಗಾವಿಯ ಗಡಿ ಭಾಗಕ್ಕೆ ಹೋಗುವವರಿಗೆ ಮರಾಠಿ ಬೇಕಾಗುತ್ತದೆ, ಕೆಲವು ಊರುಗಳಲ್ಲಿ ಉರ್ದು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನ ವೃತ್ತಿಯನ್ನು ರೂಪಿಸಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್. ದಿನವೂ ಸಂಜೆ ಇಂಡಿ ಬಸ್ಸಿಗೆ ಕಾಯುವಾಗ ಮೂರು ಸಾಲು ಬರೆಯುತ್ತಿದ್ದೆ: ಇಂದು ಏನು ಕಲಿಸಬೇಕೆಂದಿದ್ದೆ, ಒಂದು ಮಗು ಏನು ಮಾಡಿತು ಅಥವಾ ಹೇಳಿತು, ನಾಳೆ ಏನು ಬದಲಾಯಿಸುತ್ತೇನೆ. ಎರಡನೇ ಸಾಲಿನಲ್ಲಿ ಮಗುವಿನ ಮಾತು ಮಗು ಆಡಿದಂತೆಯೇ ಇರಬೇಕು. 'ಮಕ್ಕಳಿಗೆ ಅರ್ಥವಾಗಲಿಲ್ಲ' ಎಂದು ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ಸಿಗುವುದಿಲ್ಲ. '42–17=35, ಬಿಚ್ಚಲೇ ಅಕ್ಕೋರೆ' ಎಂದು ಬರೆದದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಬಿ.ಇಡಿ. ಬೋಧನಾಭ್ಯಾಸದಲ್ಲಿ ನನ್ನ ಪಾಠ ಯೋಜನೆಗಳು ಈ ನೋಟ್‌ಬುಕ್ಕಿನಿಂದಲೇ ಹುಟ್ಟಿದವು. 2020ರಲ್ಲಿ ಶಾಲೆಗಳು ಮುಚ್ಚಿದ ಮೇಲೆ ಒಂದು ಸ್ವಯಂಸೇವಾ ಸಂಸ್ಥೆಯ ಸಂದರ್ಶನಕ್ಕೆ ಹೋದಾಗ, ಪ್ರಮಾಣಪತ್ರಗಳನ್ನು ಪಕ್ಕಕ್ಕಿಟ್ಟು ಅವರು ಈ ನೋಟ್‌ಬುಕ್ಕನ್ನು ಅರ್ಧ ಗಂಟೆ ಓದಿದರು. ಕೆಲಸ ಸಿಕ್ಕಿತು, ಸರ್ಕಾರಿ ನೇಮಕಾತಿಯವರೆಗೆ ಅದೇ ನನ್ನನ್ನು ನಡೆಸಿತು.

ದೀಪಾವಳಿ ಕಳೆದ ಮೇಲಿನ ದಿನಗಳಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಿಜಯಪುರದ ತಾಂಡಾಗಳಿಂದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತವೆ. ನನ್ನ ತರಗತಿಯಲ್ಲಿದ್ದ 31 ಮಕ್ಕಳಲ್ಲಿ 12 ಮಕ್ಕಳು ಉಳಿದರು. ಸೂಡು ಬಿಚ್ಚಿದ ಹುಡುಗಿಯೂ ಹೋದಳು. ಅದು ನಿಮ್ಮ ಸೋಲಲ್ಲ, ಆದರೆ ಕೈಕಟ್ಟಿ ಕೂರುವ ಹೊತ್ತೂ ಅಲ್ಲ. ಯಾರ ಮಗು ಅಜ್ಜಿಯ ಮನೆಯಲ್ಲಿ ಉಳಿಯಬಹುದು ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರ ಜೊತೆ ದಸರೆಗೆ ಮೊದಲೇ ಮನೆಮನೆಗೆ ಹೋಗಿ ಕೇಳಿ. ಹೋಗಲೇಬೇಕಾದ ಮಕ್ಕಳ ಕೈಗೆ ಓದುವ ಪುಸ್ತಕ, ಲೆಕ್ಕದ ಹಾಳೆ ಕೊಟ್ಟು ಕಳಿಸಿ. ಯುಗಾದಿಯ ಹೊತ್ತಿಗೆ ಮರಳಿದಾಗ ಅವರು ಎಲ್ಲಿ ನಿಂತಿದ್ದರೋ ಅಲ್ಲಿಂದಲೇ ಹಿಡಿಯಲು ನಿಮ್ಮ ನೋಟ್‌ಬುಕ್ ಬೇಕಾಗುತ್ತದೆ.

ಫೆಲೋಶಿಪ್ ಮುಗಿಯುವಾಗ ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ತರಗತಿ, ವಿಷಯ ಎಲ್ಲವನ್ನೂ ಬರೆಸಿಕೊಳ್ಳಿ. ಮುಖ್ಯ ಶಿಕ್ಷಕರಿಂದಲೂ ಪ್ರತ್ಯೇಕ ಪತ್ರ ಕೇಳಿ, ಶಾಲೆಯ ಮೊಹರು ಇರಲಿ.

ಅರ್ಜಿ ಹಾಕುವ ಮುನ್ನ ಮಾಡಬೇಕಾದದ್ದು ಒಂದಿದೆ. ನಿಮ್ಮೂರಿನ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರ ಅನುಮತಿ ಕೇಳಿ, ಮೂರನೇ ತರಗತಿಯ ಒಂದು ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಓದಿಸಿ. ಮಗು ಎಲ್ಲಿ ತಡವರಿಸಿತು, ಆಗ ಏನು ಹೇಳಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟ.