ಮೊದಲ ಹಾಫ್ ಮ್ಯಾರಥಾನ್ ಓಡೋರು ಮೊದಲು ನಿಧಾನ ಕಲಿಯಿರಿ

ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್. ಬಾಲಂಗೋಚಿ ಥರ ಅಂಟಿಕೊಂಡಿರುವ ಆ 97 ಮೀಟರ್ ಎಲ್ಲಿಂದ ಬಂತು ಅಂದರೆ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಸ್ಟೇಡಿಯಂವರೆಗೆ ಓಡಿಸಿದ ಮ್ಯಾರಥಾನ್ 42.195 ಕಿ.ಮೀ. ಇತ್ತು, ಮುಂದೆ ಅದೇ ಲೆಕ್ಕ ನಿಂತಿತು, ಇದು ಅದರ ಅರ್ಧ. 21ರ ಬೋರ್ಡ್ ದಾಟಿದ ಮೇಲೂ ಗೇಟ್ ಸಿಗದೆ ಇದ್ದಾಗ ಆ ಲಂಡನ್‌ನವರಿಗೆ ಬೈಯಬಹುದು.

ನಿಲ್ಲದೆ ಐದು ಕಿಲೋಮೀಟರ್ ಜಾಗಿಂಗ್ ಮಾಡೋಕೆ ಆಗುತ್ತದೆ ಅಂದರೆ ನಾಲ್ಕರಿಂದ ನಾಲ್ಕೂವರೆ ತಿಂಗಳು ಸಾಕು. ಆಗಲ್ಲ ಅಂದರೆ ಮೊದಲು ಅಲ್ಲಿಗೆ ಬನ್ನಿ, ಆಮೇಲೆ ರಿಜಿಸ್ಟರ್ ಮಾಡಿ. ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಹಾರ್ಟ್ ತೊಂದರೆ ಆಗಿದ್ದವರು ಶೂ ಕೊಳ್ಳುವ ಮುಂಚೆ ಡಾಕ್ಟರ್‌ಗೆ ತೋರಿಸಿ. ಇದರಲ್ಲಿ ಧೈರ್ಯ ತೋರಿಸೋಕೆ ಏನೂ ಇಲ್ಲ.

ನಮ್ಮೂರು ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಬೆಳಿಗ್ಗೆ ತಂಪು. ಅಕ್ಟೋಬರ್ ಹೊತ್ತಿಗೆ ಓಡಬೇಕು ಅಂದರೆ ಜೂನ್‌ನಲ್ಲಿ ಶುರು ಮಾಡಿ. ಮಳೆಗಾಲ ಅಂತ ಹಿಂಜರಿಯಬೇಡಿ, ಇಲ್ಲಿ ಮಳೆ ಜಾಸ್ತಿ ಹೊಡೆಯೋದು ಸಂಜೆ ಹೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಐದೂವರೆಗೆ ಹೊರಟರೆ ಬದುಕಿದಿರಿ, ಏಳೂವರೆಗೆಲ್ಲ ಬಿಸಿಲು ನೆತ್ತಿಗೆ ಬಡಿಯುತ್ತದೆ.

ಎಲ್ಲಿ ಓಡೋದು? ಕಬ್ಬನ್ ಪಾರ್ಕ್‌ಗೆ ಸಮ ಇಲ್ಲ. ಬೆಳಿಗ್ಗೆ ಒಳಗಿನ ರಸ್ತೆಗಳಿಗೆ ಗಾಡಿ ಬಿಡಲ್ಲ, ಸಣ್ಣ ಸಣ್ಣ ಏರಿಳಿತ ಇದೆ, ಜೊತೆಗೆ ನಿಮ್ಮಂಥವರು ನೂರಾರು ಜನ ಸಿಗುತ್ತಾರೆ. ಲಾಲ್‌ಬಾಗ್ ಕೂಡ ಚೆನ್ನಾಗಿದೆ, ಆದರೆ ವಾಕಿಂಗ್ ಬಂದ ಹಿರಿಯರು ನಾಲ್ಕು ಜನ ಸಾಲಾಗಿ ರಾಜಕೀಯ ಮಾತಾಡಿಕೊಂಡು ನಡೆಯುವಾಗ ನೀವೇ ಪಕ್ಕಕ್ಕೆ ಸರಿಯಬೇಕು. ಸ್ಯಾಂಕಿ ಕೆರೆ ವಾರದ ಮಧ್ಯದ ಸಣ್ಣ ಓಟಕ್ಕೆ ಸರಿ. ಹದಿನೈದು ಕಿಲೋಮೀಟರ್ ಅಲ್ಲೇ ಸುತ್ತಿದರೆ ತಲೆ ಕೆಡುತ್ತದೆ. ಫುಟ್‌ಪಾತ್ ನಂಬಬೇಡಿ. ಒಂದು ಚಪ್ಪಡಿ ಎದ್ದಿರುತ್ತದೆ, ಮುಂದಿನದು ಇರೋದೇ ಇಲ್ಲ. ಗಾಡಿ ಕಡಿಮೆ ಇರುವ ಹೊತ್ತಲ್ಲಿ ರಸ್ತೆ ಅಂಚಿನಲ್ಲಿ, ಎದುರಿಗೆ ಬರುವ ಗಾಡಿ ಕಾಣುವ ಹಾಗೆ ಬಲಗಡೆ ಓಡಿ. ನಾಯಿ ಬೊಗಳಿದರೆ ಓಡಬೇಡಿ, ಸುಮ್ನೆ ನಡೆದು ದಾಟಿ.

ಈಗ ಮುಖ್ಯ ವಿಷಯ. ಹೊಸಬರಲ್ಲಿ ಬಹಳ ಜನ ಸೋಲೋದು ಕಡಿಮೆ ಓಡಿ ಅಲ್ಲ, ದಿನಾ ಜೋರಾಗಿ ಓಡಿ. ಎರಡು ವಾರ ಹುರುಪು, ಮೂರನೇ ವಾರ ಮೊಣಕಾಲ ಕೆಳಗೆ ಮುಂಗಾಲು ಮೂಳೆ ನೋವು, ನಾಲ್ಕನೇ ವಾರ ಶೂ ಮಂಚದ ಕೆಳಗೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಆದರೆ ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಎದೆ ಹೂಂ ಅಂದರೂ ಕಾಲು ಇನ್ನೂ ತಯಾರಾಗಿರಲ್ಲ. ಅದಕ್ಕೇ ನಿಧಾನ. ಎಷ್ಟು ನಿಧಾನ ಅಂದರೆ, ಪಕ್ಕದಲ್ಲಿ ಓಡುವವರಿಗೆ ನಿನ್ನೆ ಆಫೀಸಲ್ಲಿ ಏನಾಯ್ತು ಅಂತ ಪೂರ್ತಿ ವಾಕ್ಯದಲ್ಲಿ ಹೇಳೋಕೆ ಆಗಬೇಕು. ಎರಡೆರಡು ಪದಕ್ಕೆ ಏದುಸಿರು ಬಂದರೆ ನಿಮ್ಮ ವೇಗ ಜಾಸ್ತಿ ಆಯ್ತು ಅಂತ ಅರ್ಥ. ವಾಚ್‌ನಲ್ಲಿ ಕಿಲೋಮೀಟರ್‌ಗೆ ಎಂಟೂವರೆ ನಿಮಿಷ ತೋರಿಸಿ ನಾಚಿಕೆ ಆದರೆ ಆಗಲಿ, ವಾಚ್ ಮನೆಯಲ್ಲಿ ಬಿಟ್ಟು ಬನ್ನಿ.

ವಾರಕ್ಕೆ ನಾಲ್ಕು ದಿನ ಓಡಿ, ಅದಕ್ಕಿಂತ ಜಾಸ್ತಿ ಬೇಡ. ಮಂಗಳವಾರ, ಗುರುವಾರ, ಶುಕ್ರವಾರ ಸಣ್ಣ ಓಟ, ನಾಲ್ಕರಿಂದ ಏಳು ಕಿಲೋಮೀಟರ್. ಶನಿವಾರ ರಜೆ. ಭಾನುವಾರ ದೊಡ್ಡ ಓಟ, ಇಡೀ ತಯಾರಿ ನಿಂತಿರೋದೇ ಅದರ ಮೇಲೆ. ಆರರಿಂದ ಶುರು ಮಾಡಿ ವಾರಕ್ಕೆ ಒಂದೊಂದೇ ಕಿಲೋಮೀಟರ್ ಸೇರಿಸಿ, ಮೂರು ವಾರ ಏರಿಸಿದ ಮೇಲೆ ನಾಲ್ಕನೇ ವಾರ ಕಾಲುಭಾಗ ಇಳಿಸಿ. ಆ ಇಳಿಸುವ ವಾರ ಕಳ್ಳತನ ಅನಿಸುತ್ತದೆ, ಆದರೆ ಕಾಲು ಗಟ್ಟಿಯಾಗೋದು ಆಗಲೇ. 17, 18 ಕಿಲೋಮೀಟರ್‌ವರೆಗೆ ಹೋದರೆ ಸಾಕು, ಮನೆಯಲ್ಲೇ 21 ಓಡಿ ನೋಡಬೇಕಿಲ್ಲ. ಆ ಕೊನೆಯ ದೊಡ್ಡ ಓಟ ಹಾಫ್ ಮ್ಯಾರಥಾನ್‌ಗೆ ಎರಡು ಮೂರು ವಾರ ಮುಂಚೆ ಮುಗಿದಿರಲಿ, ಆಮೇಲೆ ಕಡಿಮೆ ಮಾಡುತ್ತಾ ಬನ್ನಿ. ಓಡದ ಒಂದೆರಡು ದಿನ ಹತ್ತು ಹತ್ತು ನಿಮಿಷ ಬಸ್ಕಿ ಹೊಡೆಯಿರಿ, ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ.

ನಡುನಡುವೆ ನಡೆದರೆ ಅವಮಾನವೇನಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಅವರೇ ಸ್ವಲ್ಪ ಓಡಿ ಸ್ವಲ್ಪ ನಡೆಯುವ ಪದ್ಧತಿಯನ್ನು ಜನಪ್ರಿಯ ಮಾಡಿದವರು. ನಾಲ್ಕು ನಿಮಿಷ ಓಡಿ, ಒಂದು ನಿಮಿಷ ಬಿರುಸಾಗಿ ನಡೆಯಿರಿ. ಸುಸ್ತಾದ ಮೇಲಲ್ಲ, ಮೊದಲ ಐದು ನಿಮಿಷದಿಂದಲೇ.

ಶೂ ಕೊಳ್ಳೋಕೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಉದ್ದದ ಬೆರಳ ಮುಂದೆ ಒಂದು ಹೆಬ್ಬೆಟ್ಟಿನ ಅಗಲ ಜಾಗ ಇರಲಿ, ಇಲ್ಲ ಅಂದರೆ ಉಗುರು ಕಪ್ಪಾಗುತ್ತದೆ. ಹತ್ತಿ ಟೀ ಶರ್ಟ್ ಬೇಡ, ಬೆವರು ಕುಡಿದು ಭಾರ ಆಗುತ್ತದೆ. ತೊಡೆ ಸಂದಿ, ಕಂಕುಳಿಗೆ ವ್ಯಾಸಲೀನ್ ಹಚ್ಚಿ. ಗಂಡಸರು ಎದೆ ತೊಟ್ಟಿಗೂ ಹಚ್ಚಿ, ನಗಬೇಡಿ. ಓಟದ ಕೊನೆಯಲ್ಲಿ ಬಿಳಿ ಟೀ ಶರ್ಟ್ ಮೇಲೆ ಎರಡು ಕೆಂಪು ಗೆರೆ ಇಳಿದಿರುವವರನ್ನು ಒಮ್ಮೆ ನೋಡಿದರೆ ಸಾಕು.

ಊಟದ ವಿಷಯಕ್ಕೆ ಬಂದರೆ, ಹಿಂದಿನ ರಾತ್ರಿ ಅನ್ನ ಸಾರು, ಮೊಸರನ್ನ ಪರವಾಗಿಲ್ಲ. ತುಪ್ಪ ಸುರಿದ ಬಿಸಿಬೇಳೆಬಾತ್ ತಿಂದು ಬೆಳಿಗ್ಗೆ ಓಡಿದರೆ ನಾಲ್ಕನೇ ಕಿಲೋಮೀಟರ್‌ನಲ್ಲಿ ಹೊಟ್ಟೆ ಮಾತಾಡೋಕೆ ಶುರು ಮಾಡುತ್ತದೆ. ಬೆಳಿಗ್ಗೆ ಒಂದು ಬಾಳೆಹಣ್ಣು ಅಥವಾ ಎರಡು ಇಡ್ಲಿ, ಚಟ್ನಿ ಇಲ್ಲದೆ, ಒಂದೂವರೆ ಗಂಟೆ ಮುಂಚೆ. ಒಂದೂಕಾಲು ಗಂಟೆ ಮೀರಿದ ಓಟದಲ್ಲಿ ಸಕ್ಕರೆ ಬೇಕಾಗುತ್ತದೆ. ಬೀಜ ತೆಗೆದ ಖರ್ಜೂರ ಒಳ್ಳೆಯದು, ಕಡಲೆಕಾಯಿ ಚಿಕ್ಕಿ ಒಣ ಬಾಯಲ್ಲಿ ಅಗಿಯೋಕಾಗದೆ ಹಲ್ಲಿಗೆ ಅಂಟುತ್ತದೆ. ಬಾಯಾರಿದಾಗ ಕುಡಿಯಿರಿ. ಹೆದರಿಕೊಂಡು ಲೀಟರ್‌ಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತೊಂದರೆ ಆಗುತ್ತದೆ. ಟೋಪಿ ಮೇಲೆ ಬಿಳಿ ಉಪ್ಪಿನ ಗೆರೆ ಬೀಳುವವರು ಓಆರ್‌ಎಸ್ ಇಟ್ಟುಕೊಳ್ಳಿ. ಶೂ, ಸಾಕ್ಸ್, ಓಡುತ್ತಾ ಹೀರುವ ಸಕ್ಕರೆ ಜೆಲ್, ಏನೇ ಇರಲಿ, ಓಟದ ದಿನ ಹೊಸದು ಬೇಡವೇ ಬೇಡ.

ನಂಬರ್ ಚೀಟಿಯನ್ನು ಹಿಂದಿನ ರಾತ್ರಿಯೇ ನಾಲ್ಕೂ ಮೂಲೆಗೆ ಪಿನ್ ಹಾಕಿ ಟೀ ಶರ್ಟ್‌ಗೆ ಸಿಕ್ಕಿಸಿಡಿ. ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ, ಆ ದಿನ ಬೇಗ ಓಡಿಸುತ್ತಾರಾ ಅಂತ ವಿಚಾರಿಸಿ, ಇಲ್ಲ ಅಂದರೆ ಆಟೋಗೆ ಮೊದಲೇ ಹೇಳಿಡಿ. ಒಂದು ಗಂಟೆ ಮುಂಚೆ ಅಲ್ಲಿರಿ, ಅದರಲ್ಲಿ ಅರ್ಧ ಟಾಯ್ಲೆಟ್ ಕ್ಯೂಗೆ ಹೋಗುತ್ತದೆ.

ಡೋಲು ಬಡಿಯುತ್ತಾರೆ, ಮೈಕಲ್ಲಿ ಕೂಗುತ್ತಾರೆ, ಎಲ್ಲರೂ ಬಾಣದ ಹಾಗೆ ಹೊರಡುತ್ತಾರೆ. ನೀವು ಹೋಗಬೇಡಿ. ಮೊದಲ ಮೂರು ಕಿಲೋಮೀಟರ್ ಭಾನುವಾರದ ವೇಗಕ್ಕಿಂತ ಒಂದು ಗುಲಗಂಜಿಯೂ ಜಾಸ್ತಿ ಬೇಡ, ಎಲ್ಲರೂ ನಿಮ್ಮನ್ನು ದಾಟಲಿ. ಕಿಲೋಮೀಟರ್‌ಗೆ 7 ನಿಮಿಷ ಹಿಡಿದರೆ ಸುಮಾರು 2 ಗಂಟೆ 28 ನಿಮಿಷಕ್ಕೆ, 8 ನಿಮಿಷ ಹಿಡಿದರೆ 2 ಗಂಟೆ 49 ನಿಮಿಷಕ್ಕೆ ಮುಗಿಸುತ್ತೀರಿ. ಕಟ್‌ಆಫ್, ಅಂದರೆ ಇಷ್ಟರೊಳಗೆ ಮುಗಿಸಬೇಕು ಅನ್ನೋ ಸಮಯ, ಎಲ್ಲ ಕಡೆ ಒಂದೇ ಇರಲ್ಲ, ರಿಜಿಸ್ಟರ್ ಮಾಡುವಾಗಲೇ ನೋಡಿಕೊಳ್ಳಿ. ನೀರಿನ ಟೇಬಲ್ ಹತ್ತಿರ ಪೇಪರ್ ಲೋಟದ ಬಾಯಿ ಹಿಸುಕಿ ಕೊಕ್ಕು ಮಾಡಿಕೊಂಡು, ನಡೆಯುತ್ತಾ ಕುಡಿಯಿರಿ. ಓಡುತ್ತಾ ಕುಡಿದರೆ ಅರ್ಧ ಮೂಗಿಗೆ ಹೋಗುತ್ತದೆ. 16 ದಾಟಿದ ಮೇಲೆ ಕಾಲು ಭಾರ ಆಗೋದು ಸಹಜ. ಆದರೆ ಎದೆ ನೋವು, ತಲೆಸುತ್ತು, ಚಳಿ ಹತ್ತಿದ ಹಾಗೆ ನಡುಕ ಬಂದರೆ ನಿಲ್ಲಿ, ವಾಲಂಟಿಯರ್‌ನ ಕರೆಯಿರಿ. ಮೆಡಲ್ ಇನ್ನೊಂದು ವರ್ಷ ಸಿಗುತ್ತದೆ.

ಗೆರೆ ದಾಟಿದ ತಕ್ಷಣ ಕೂರಬೇಡಿ. ಹತ್ತು ನಿಮಿಷ ನಡೆಯಿರಿ, ಎಳನೀರು ಕುಡಿಯಿರಿ, ಆಮೇಲೆ ದೋಸೆ ಎಷ್ಟು ಬೇಕಾದರೂ ತಿನ್ನಿ. ಮಾರನೇ ದಿನ ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋದೇ ಕಷ್ಟ, ಕಂಬಿ ಹಿಡಿದುಕೊಂಡು ಇಳಿಯಿರಿ. ಒಂದು ವಾರ ಓಟ ಬೇಡ, ನಡೆದರೆ ಸಾಕು.