ರೈಫಲ್ ನಳಿಗೆ ಎಷ್ಟು ದಿನಕ್ಕೊಮ್ಮೆ ಸ್ವಚ್ಛ ಮಾಡಬೇಕು?

ಮೈಸೂರು, ಮಂಡ್ಯ ಕಡೆ ಲೈಸೆನ್ಸ್ ಕೋವಿ ಇರುವ ಎಷ್ಟೋ ಮನೆಗಳಲ್ಲಿ ನಳಿಗೆ ಎಣ್ಣೆ ಕಾಣುವುದು ಆಯುಧಪೂಜೆಗೆ ಮಾತ್ರ. ಪೂಜೆಗೆ ಹಚ್ಚಿದ ಒದ್ದೆ ಕುಂಕುಮವನ್ನು ಅಂದೇ ಒರೆಸದಿದ್ದರೆ ಅದರಡಿಯಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ವರ್ಷಕ್ಕೊಮ್ಮೆ ಸಾಲದು, ನಿಜ. ಹಾಗಂತ ದಿನವೂ ಕಬ್ಬಿಣದ ಸಲಾಕೆ ತೂರಿಸಿ ಉಜ್ಜಿದರೂ ನಳಿಗೆ ಕೆಡುತ್ತದೆ. ಯಾವ ತೋಟಾ ಹೊಡೆದಿರಿ, ಗಾಳಿಯಲ್ಲಿ ಎಷ್ಟು ತೇವವಿದೆ ಎಂಬುದರ ಮೇಲೆ ಲೆಕ್ಕ ಹಾಕಿ.

.22 (ನಳಿಗೆಯ ಒಳ ಅಳತೆ ಸುಮಾರು 0.22 ಇಂಚು) ರೈಫಲ್‌ನ ಸೀಸದ ಗುಂಡಿಗೆ ಮೇಣವೋ ಜಿಡ್ಡೋ ಸವರಿರುತ್ತದೆ. ಅದು ನಳಿಗೆಯೊಳಗೆ ತೆಳುವಾಗಿ ಕೂತ ಮೇಲೆಯೇ ಗುರಿ ನಿಲ್ಲುವುದು. ಆದ್ದರಿಂದ 200–300 ತೋಟಾಗೊಮ್ಮೆ ಒರೆಸಿದರೆ ಸಾಕು. ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಮಾತ್ರ ಪ್ರತಿ ಅಭ್ಯಾಸದ ನಂತರ ಒರೆಸಿ. ಅಲ್ಲಿ ಮಸಿ ಉಂಗುರದಂತೆ ಗಟ್ಟಿಯಾಗಿ, ತೋಟಾ ಕೂರುವುದು ಬಿಗಿಯಾಗುತ್ತದೆ.

ಅದಕ್ಕಿಂತ ದೊಡ್ಡ ಗುಂಡಿನ .315 ರೈಫಲ್‌ನ ಕಥೆ ಬೇರೆ. ತಾಮ್ರದ ಹೊದಿಕೆಯ ಗುಂಡು ನಳಿಗೆಯ ಗೀರುಗಳಲ್ಲಿ ತಾಮ್ರ ಬಿಟ್ಟು ಹೋಗುತ್ತದೆ. ಒಂದೇ ತೋಟಾ ಹೊಡೆದರೂ ಅಂದು ಸಂಜೆ ಮಸಿ ತೆಗೆದು ಎಣ್ಣೆ ಹಾಕಿ. ತಾಮ್ರ ತೆಗೆಯುವ ಸಾಲ್ವೆಂಟ್ (ಕರಗಿಸುವ ದ್ರವ) 20–30 ತೋಟಾಗೊಮ್ಮೆ ಸಾಕು. ತೀರಾ ಹಳೆಯ ತೋಟಾಗಳ ಕ್ಯಾಪಿನಲ್ಲಿ (ಪಿನ್ ಬಡಿದಾಗ ಮದ್ದಿಗೆ ಕಿಡಿ ಹಚ್ಚುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರಬಹುದು. ಅದು ಉಳಿಸುವ ಉಪ್ಪು ತೇವ ಹೀರಿ ಒಂದೆರಡು ದಿನದಲ್ಲೇ ನಳಿಗೆ ತಿನ್ನುತ್ತದೆ, ಎಣ್ಣೆಯಲ್ಲಿ ಕರಗುವುದೂ ಇಲ್ಲ. ಮೊದಲು ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಕರಿಮದ್ದು ತುಂಬುವ ನಾಡಕೋವಿಗೂ ಇದೇ ಕ್ರಮ, ಹೊಡೆದ ದಿನವೇ.

ಶುರು ಮಾಡುವ ಮುನ್ನ ತೋಟಾ ತುಂಬುವ ಮ್ಯಾಗಜೀನ್ ತೆಗೆದು, ಚೇಂಬರ್ ಮುಚ್ಚುವ ಬೋಲ್ಟ್ ಎಳೆದು, ಚೇಂಬರ್ ಖಾಲಿಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ಖಚಿತಪಡಿಸಿಕೊಳ್ಳಿ. ತೋಟಾಗಳು ಬೇರೆ ಕೋಣೆಯಲ್ಲಿರಲಿ. ಬೋಲ್ಟ್ ಕಳಚಿ ಸಲಾಕೆಯನ್ನು ಹಿಂಬದಿಯಿಂದಲೇ ತೂರಿಸಿ; ಮೂತಿಯಿಂದ ತೂರಿಸಿದರೆ ಅದರ ಅಂಚು ಒಂದು ಕಡೆ ಸವೆದು ಗುರಿ ಆ ಕಡೆಗೋ ಈ ಕಡೆಗೋ ಸರಿಯುತ್ತದೆ. ಹಿಂಬದಿ ತೆರೆಯದ ರೈಫಲ್ ಆದರೆ ಪುಲ್‌ಥ್ರೂ (ಚಿಂದಿ ಕಟ್ಟಿ ನಳಿಗೆಯೊಳಗೆ ಎಳೆಯುವ ಹಗ್ಗ) ಬಳಸಿ. ಮಸಿ ಬಿಡಿಸುವ ಸಾಲ್ವೆಂಟ್‌ನಲ್ಲಿ ನೆನೆಸಿದ ಫ್ಲಾನೆಲ್ ಚಿಂದಿ ಎರಡು ಸಲ ಹಾಯಿಸಿ 5 ನಿಮಿಷ ಬಿಡಿ. .315ಕ್ಕೆ ಕಂಚಿನ ಬ್ರಷ್ 8–10 ಸಲ ಆಡಿಸಿ. ಬ್ರಷ್ ಪೂರ್ತಿ ಆಚೆ ಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು, ನಡುವೆ ತಿರುಗಿಸಿದರೆ ಎಳೆಗಳು ಮುರಿಯುತ್ತವೆ. ನಂತರ ಒಣ ಚಿಂದಿ, ಹೆಚ್ಚುಕಡಿಮೆ ಬೆಳ್ಳಗೆ ಬರುವವರೆಗೆ. ತಾಮ್ರದ ಸಾಲ್ವೆಂಟ್ ಹಾಕಿದಾಗ ಚಿಂದಿ ನೀಲಿಯಾದರೆ ತಾಮ್ರ ಉಳಿದಿದೆ ಎಂದರ್ಥ. ಕಂಚಿನ ಬ್ರಷ್ ಕರಗಿದರೂ ನೀಲಿಯೇ ಬರುವುದರಿಂದ ಆಗ ನೈಲಾನ್ ಬ್ರಷ್ ಹಿಡಿಯಿರಿ. ಬಾಟಲಿಯ ಮೇಲೆ ಬರೆದಷ್ಟು ಹೊತ್ತಿಗಿಂತ ಜಾಸ್ತಿ ಆ ಸಾಲ್ವೆಂಟನ್ನು ಒಳಗೆ ಬಿಡಬೇಡಿ.

ಕೊನೆಗೆ ಗನ್ ಆಯಿಲ್ ಎರಡು ಮೂರು ಹನಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅಂಟಾಗಿ ಗಟ್ಟಿಯಾಗುತ್ತದೆ. ಸೀಮೆಎಣ್ಣೆ ಮಸಿ ಬಿಡಿಸುತ್ತದೆ, ತುಕ್ಕು ತಡೆಯುವುದಿಲ್ಲ. ಏರ್ ರೈಫಲ್‌ಗೆ ಒಣ ಫೆಲ್ಟ್ ತುಂಡು ಸಾಕು. ಅದರಲ್ಲಿ ಪೆಟ್ರೋಲಿಯಂ ಎಣ್ಣೆ ಒತ್ತಡದ ಗಾಳಿಗೆ ಸಿಕ್ಕರೆ ಹೊತ್ತಿಕೊಳ್ಳುವ ಅಪಾಯವಿದೆ. ಚಿಂದಿಯಲ್ಲಿ ಸೀಸ ಇರುತ್ತದೆ: ಅಡುಗೆಮನೆಯಲ್ಲಿ ಈ ಕೆಲಸ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಹೊಡೆಯದೆ ಇಟ್ಟ ರೈಫಲ್ಲಿಗೂ, ಅದರಲ್ಲೂ ನಾಲೆ ಬಯಲಿನ ಊರುಗಳಲ್ಲಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಣ್ಣೆ ಬದಲಿಸಿ. ಬಟ್ಟೆ ಚೀಲದಲ್ಲಿ ಇಡಬೇಡಿ, ತೇವ ಹಿಡಿಯುತ್ತದೆ. ಚುನಾವಣೆಗೆಂದು ಠಾಣೆಗೆ ಒಪ್ಪಿಸುವ ಹಿಂದಿನ ದಿನ ಎಣ್ಣೆ ಸ್ವಲ್ಪ ದಪ್ಪಗೇ ಸವರಿ. ವಾಪಸ್ ತಂದ ದಿನವೇ ಬಿಚ್ಚಿ ನೋಡಿ. ಮುಂದೆ ಹೊಡೆಯುವ ಮುನ್ನ ಒಣ ಚಿಂದಿ ಹಾಯಿಸಿ ನಳಿಗೆ, ಚೇಂಬರ್ ಎರಡರಿಂದಲೂ ಎಣ್ಣೆ ತೆಗೆಯಲೇಬೇಕು. ಎಣ್ಣೆ ಉಳಿದರೆ ಒತ್ತಡ ಏರುತ್ತದೆ, ಮೊದಲ ಗುಂಡು ಗುರಿ ತಪ್ಪುತ್ತದೆ.