ಪೇಪರಿನ ಮೂಲೆಯಲ್ಲಿ ಒಂದು ಅಂದಾಜು

ಶಿರಸಿಯಿಂದ ಬಸ್ಸಲ್ಲಿ ಮುಕ್ಕಾಲು ಗಂಟೆ ಹೋದರೆ ಸಿಗುವ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಟೆಸ್ಟ್ ಪೇಪರ್ ವಾಪಸ್ ಕೊಡುವ ದಿನ ಯಾವಾಗಲೂ ಒಂದೇ ಗಲಾಟೆ. "ಅಕ್ಕೋರೇ, ನಂಗೆ ಹದಿನೈದಾದ್ರೂ ಬರ್ಬೇಕಿತ್ತು!" ಬಂದಿರುವುದು ಆರು. ಹದಿನೆಂಟು ತೆಗೆದ ಹುಡುಗಿ ಮಾತ್ರ ಪೇಪರ್ ಕೈಗೆ ಬರುವ ಮೊದಲೇ ಮುಖ ಸಣ್ಣದು ಮಾಡಿಕೊಂಡು ಕೂತಿರುತ್ತಾಳೆ.

ಎರಡು ವರ್ಷದ ಹಿಂದೆ ಹತ್ತನೇ ಕ್ಲಾಸಿಗೆ ಒಂದು ನಿಯಮ ಮಾಡಿದೆ. ಬರೆದು ಮುಗಿಸಿದ ಮೇಲೆ ಪೇಪರಿನ ಮೂಲೆಯಲ್ಲಿ ಎರಡು ಸಂಖ್ಯೆ ಬರೆಯಬೇಕು. ಇಪ್ಪತ್ತಕ್ಕೆ ನನಗೆಷ್ಟು ಬರಬಹುದು? ಕ್ಲಾಸಿನ 32 ಜನರಲ್ಲಿ ನಾನು ಎಷ್ಟನೇ ಜಾಗದಲ್ಲಿರಬಹುದು?

ಎರಡನೇ ಸಂಖ್ಯೆಯೇ ಮಜಾ ಕೊಟ್ಟಿತು. ಸಮಾಂತರ ಶ್ರೇಢಿಯ ಪೇಪರ್ ಸುಲಭ ಇತ್ತು. ಅವತ್ತು ಮುಕ್ಕಾಲು ಕ್ಲಾಸು ಮೊದಲ ಹತ್ತರೊಳಗೆ! ತ್ರಿಕೋನಮಿತಿಯ ಪೇಪರ್ ಕಷ್ಟ ಇತ್ತು. ಅವತ್ತು ಹೆಚ್ಚಿನವರು ಇಪ್ಪತ್ತರ ಆಚೆ. ತನಗೆ ಕಷ್ಟ ಆದದ್ದು ಗೊತ್ತು, ಪಕ್ಕದವನಿಗೂ ಅಷ್ಟೇ ಕಷ್ಟ ಆಗಿದೆ ಅನ್ನುವುದು ಲೆಕ್ಕಕ್ಕೇ ಬಂದಿರಲಿಲ್ಲ.

ಬೇರೆಯವರ ಪೇಪರ್ ತೋರಿಸಿದರೆ ಸರಿಹೋಗುತ್ತೆ ಅಂದುಕೊಂಡೆ. ಹಿಂದಿನ ಬ್ಯಾಚಿನ ಐದು ಪೇಪರ್ ಆರಿಸಿ, ಹೆಸರು, ಅಂಕ ಎರಡನ್ನೂ ಮುಚ್ಚಿ ಜೆರಾಕ್ಸ್ ಮಾಡಿಸಿ ಹಂಚಿದೆ. ಓದಿ ಮುಗಿದ ಮೇಲೆ ಅಂದಾಜನ್ನು ಮತ್ತೊಮ್ಮೆ ಬರೆಯಿರಿ ಅಂದೆ. ಚೊಲೋ ಬರೆಯುವವರು ತಮ್ಮ ಅಂದಾಜು ಏರಿಸಿಕೊಂಡರು, ಸರಿಯಾದ ಅಂಕದ ಹತ್ತಿರ ಬಂದರು. ಹಿಂದುಳಿದವರು ಇದ್ದಲ್ಲೇ ಇದ್ದರು. ಒಬ್ಬನಂತೂ ಪೂರ್ತಿ ಅಂಕ ಸಿಕ್ಕಿದ್ದ ಪೇಪರನ್ನು ನನ್ನೆದುರು ಹಿಡಿದು, "ನಂದೂ ಹಿಂಗೇ ಇದ್ಯಲ್ಲ ಅಕ್ಕೋರೇ?" ಅಂದ. ಅವನದಕ್ಕೆ ಬಂದದ್ದು ಮೂರು.

ಆಮೇಲೆ ಓದಿದಾಗ ಗೊತ್ತಾಯಿತು, ಇದು ನನ್ನ ಕ್ಲಾಸಿನ ಕಥೆ ಮಾತ್ರ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಆಗಿತ್ತು. ವ್ಯಾಕರಣದ ಪರೀಕ್ಷೆ ಬರೆದವರಿಗೆ ಬೇರೆಯವರ ಐದು ಪೇಪರ್ ಕೊಟ್ಟರು. ಮೇಲಿನ ಕಾಲು ಭಾಗದವರು ತಿದ್ದಿಕೊಂಡರು, ಕೆಳಗಿನವರು ತಿದ್ದಿಕೊಳ್ಳಲಿಲ್ಲ. (ಗಣಿತದವಳಾಗಿ ಒಂದು ಮಾತು ಹೇಳದೆ ಬಿಡಲಾರೆ. ಇಪ್ಪತ್ತಕ್ಕೆ ಎರಡು ತೆಗೆದವನ ಅಂದಾಜು ತಪ್ಪಿದರೆ ಮೇಲಕ್ಕೇ ತಪ್ಪಬೇಕು, ಕೆಳಗೆ ಜಾಗ ಎಲ್ಲಿದೆ? ಎಲ್ಲವನ್ನೂ ಹುಡುಗರ ಜಂಬ ಅಂದುಕೊಳ್ಳಬಾರದು.)

ನನಗೆ ಅಪ್ಪಯ್ಯನ ಜೊತೆ ಅಡಿಕೆ ವಖಾರಿಗೆ ಹೋಗುತ್ತಿದ್ದದ್ದು ನೆನಪಾಯಿತು. ಐದು ಮನೆಯ ರಾಶಿ ಅಡಿಕೆ ಪಕ್ಕಪಕ್ಕ ಸುರಿದಿದ್ದರೂ ನನಗೆ ಎಲ್ಲವೂ ಒಂದೇ ಕೆಂಪು. ಅಪ್ಪಯ್ಯ ಒಂದೊಂದು ಅಡಿಕೆ ಒಡೆದು ನೋಡಿ, "ನಮ್ಮದು ಈ ಸಲ ಮೂರನೇದು" ಅಂದುಬಿಡುತ್ತಿದ್ದರು. ಇಬ್ಬರೂ ನೋಡಿದ್ದು ಅದೇ ರಾಶಿಗಳನ್ನ, ಅಲ್ವಾ?

ಹಾಗಾಗಿ ಕ್ರಮ ಬದಲಾಯಿಸಿದೆ. ತ್ರಿಭುಜದ ಪಾಠದ ಥೇಲ್ಸ್ ಪ್ರಮೇಯ ತೆಗೆದುಕೊಂಡೆ, ನಾಲ್ಕು ಅಂಕದ ಪ್ರಶ್ನೆ. ಮೊದಲು ಅಂಕ ಹಂಚುವ ಬಗೆಯನ್ನೇ ಬೋರ್ಡಿನ ಮೇಲೆ ಬರೆದೆ. ಚಿತ್ರಕ್ಕೆ ಅರ್ಧ, ದತ್ತಕ್ಕೆ (ಕೊಟ್ಟಿರುವುದೇನು) ಅರ್ಧ, ಸಾಧನೀಯಕ್ಕೆ (ಸಾಧಿಸಬೇಕಾದದ್ದೇನು) ಅರ್ಧ, ರಚನೆಗೆ (ಸಾಧಿಸಲು ಚಿತ್ರಕ್ಕೆ ಸೇರಿಸಿದ ಗೆರೆ ಯಾವುದು) ಅರ್ಧ, ಸಾಧನೆಗೆ ಎರಡು. ಆಮೇಲೆ ಹೆಸರಿಲ್ಲದ ಪೇಪರ್ ಕೊಟ್ಟು ಕೆಂಪು ಪೆನ್ನಿಂದ ಅವರೇ ಅಂಕ ಹಾಕಬೇಕು. ಪ್ರತಿ ಹಂತಕ್ಕೂ ಕಾರಣ ಹೇಳಬೇಕು. ಮೊದಲ ವಾರ ಬರೀ ಜಗಳ. "ರಚನೆ ಚಿತ್ರದಲ್ಲೇ ಕಾಣ್ತದಲ್ಲ, ಬೇರೆ ಯಾಕೆ ಬರೀಬೇಕು?" ಒಂದು ಪೀರಿಯಡ್ಡು ಇದಕ್ಕೇ ಹೋಯಿತು. ಪೋರ್ಷನ್ ಹಿಂದೆ ಬಿತ್ತು, ನಿಜ. ಆದರೆ ಆ ಜಗಳದಷ್ಟು ಪ್ರಮೇಯ ಕಲಿಸಿದ್ದು ನನ್ನ ಪಾಠವೂ ಅಲ್ಲ.

ಹೋಲಿಸುವ ಪೇಪರ್ ಯಾರದ್ದು ಅನ್ನುವುದನ್ನೂ ನೋಡಿಕೊಂಡೆ. ಬಿಟ್ಟರೆ ಮಕ್ಕಳು ಬೆಂಚಿನ ಪಕ್ಕದವರ ಜೊತೆ ಮಾತ್ರ ಹೋಲಿಸಿಕೊಳ್ಳುತ್ತಾರೆ. ಮನುಷ್ಯ ತನ್ನಂಥವರ ಜೊತೆಗೇ ಹೋಲಿಸಿಕೊಳ್ಳುತ್ತಾನೆ ಅಂತ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ಆರು ತೆಗೆದ ಇಬ್ಬರು ಒಟ್ಟಿಗೆ ಕೂತರೆ ಆರು ಕಮ್ಮಿ ಅಂತ ಯಾರಿಗೂ ಅನ್ನಿಸುವುದಿಲ್ಲ. ಟಾಪರ್ ಪೇಪರ್ ಒಂದನ್ನೇ ತೋರಿಸಿದಾಗ ಉಳಿದವರು ಪೆನ್ನೇ ಕೆಳಗಿಟ್ಟರು, ಅದನ್ನೂ ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಈಗ ಒಂದು ಪೂರ್ತಿ ಸರಿ ಇರುವುದು, ಒಂದು ತೀರಾ ಕಮ್ಮಿ, ಮೂರು ನಡುವಿನವು.

ಕೊನೆಗೆ ತಮ್ಮದೇ ಪೇಪರಿಗೆ ಅಂಕ. ಆ "ನಂದೂ ಹಿಂಗೇ ಇದ್ಯಲ್ಲ" ಹುಡುಗ ಮೊದಲು ಮೂಲೆಯಲ್ಲಿ ನಾಲ್ಕಕ್ಕೆ ನಾಲ್ಕು ಅಂತ ಬರೆದಿದ್ದ. ಬೇರೆಯವರ ಐದು ಪೇಪರ್ ತಿದ್ದಿ ಬಂದವನು ತನ್ನದನ್ನು ತುಂಬಾ ಹೊತ್ತು ನೋಡಿದ. ನಾಲ್ಕನ್ನು ಹೊಡೆದುಹಾಕಿ ಎರಡೂವರೆ ಬರೆದ. "ರಚನೆ ಬರ್ದಿಲ್ಲ, ಸಾಧನೇಲಿ ಒಂದು ಸಾಲು ಹಾರ್ಸಿದೀನಿ" ಅಂದ.

ನಾನಾದರೆ ಮೂರು ಕೊಡುತ್ತಿದ್ದೆ.